ಓಟದಲ್ಲಿ ಗೆದ್ದ ರಕ್ತನಾಳ

ರಕ್ತನಾಳಗಳ ಬಿಗಿತ ಅಳೆಯುವ ಸಂಶೋಧನಾ ಕೋಣೆಯಲ್ಲಿ ಎರಡು ಮಂಚಗಳಿದ್ದವು. ಒಂದರ ಮೇಲೆ ನಲವತ್ತರ ಗುಮಾಸ್ತ ಶಿವಪುತ್ರ, ಇನ್ನೊಂದರ ಮೇಲೆ ಎಪ್ಪತ್ತರ ಹೂವಮ್ಮ. ಅಲ್ಲಿನ ನಿಯಮದಂತೆ ಇಬ್ಬರೂ ಬೆಳಗಿನ ಕಾಫಿ ಬಿಟ್ಟು ಬಂದು, ಹತ್ತು ನಿಮಿಷ ಮಾತಿಲ್ಲದೆ ಮಲಗಿದ್ದರು. ಸುಮ್ಮನಿರಲಾರದೆ ಮಾತಾಡಿದ್ದು ಅವರ ರಕ್ತನಾಳಗಳು.

ನಾಡಿಯ ಅಲೆ ಕುತ್ತಿಗೆಯಿಂದ ತೊಡೆಗೆ ತಲುಪುವ ಹೊತ್ತನ್ನು ಯಂತ್ರ ಅಳೆದು ಮುಗಿಸಿತ್ತು.

"ನೋಡಿದಿರಾ ಅಜ್ಜಿ?" ಶಿವಪುತ್ರನ ನಾಳ ಬೀಗಿತು. "ನನ್ನ ಅಲೆ ತಲುಪಿದಾಗ ನಿಮ್ಮದು ಇನ್ನೂ ದಾರಿಯಲ್ಲಿತ್ತು."

"ನನಗೆ ಅವಸರ ಗೊತ್ತಿಲ್ಲಪ್ಪ," ಎಂದಿತು ಹೂವಮ್ಮನ ನಾಳ. "ಅಲೆ ಬಂದಾಗಲೆಲ್ಲ ತುಸು ಹಿಗ್ಗಿ, ಅದರ ರಭಸ ತಗ್ಗಿಸಿ, ಆಮೇಲೆ ಮುಂದಕ್ಕೆ ಕಳಿಸುತ್ತೇನೆ. ಎಪ್ಪತ್ತು ವರ್ಷದಿಂದ ಅದೊಂದೇ ಕೆಲಸ."

ವೈದ್ಯೆ ಬಂದು ಎರಡೂ ಅಂಕಿಗಳನ್ನು ನೋಡಿದರು. ಹೂವಮ್ಮನ ಕೈ ಹಿಡಿದು, "ಈ ವಯಸ್ಸಿನಲ್ಲಿ ಇಷ್ಟು ಮೆತ್ತನೆಯ ನಾಳವನ್ನು ನಾನು ಕಂಡೇ ಇಲ್ಲಮ್ಮ," ಎಂದರು. ಶಿವಪುತ್ರನ ಕಡೆ ತಿರುಗಿದಾಗ ಅವರ ನಗು ಮಾಯವಾಗಿತ್ತು.

ಅವನ ನಾಳ ಕಂಗಾಲಾಗಿ ತನ್ನ ಹೃದಯವನ್ನು ಕೇಳಿತು: "ಗೆದ್ದದ್ದು ನಾನಲ್ಲವೇ?"

ಹೃದಯ ಏದುಸಿರು ಬಿಡುತ್ತ ಹೇಳಿತು: "ನೀನು ಹಿಗ್ಗದೆ ಸೆಟೆದು ನಿಂತೆ ತಮ್ಮಾ, ಅದಕ್ಕೇ ಅಲೆ ಅಷ್ಟು ಬೇಗ ಓಡಿತು. ಒಂದೊಂದು ಅಲೆಯನ್ನೂ ತಳ್ಳಿ ತಳ್ಳಿ ಸೋತದ್ದು ನಾನು."