ಬಾಮೈದ ಸಾಲು ತಪ್ಪಿಸಿದ ಗುಡಾಣಗಳು

ಹೂಂಗುಟ್ಟೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆ ಕಡೆ ಹೋಗಿ. ಅಂಗೈ ಅಗಲದ ಒಂದು ಸೀಮೆಯಲ್ಲಿ ದೊಡ್ಡಮಲ್ಲ ಅಂತ ಒಬ್ಬ ರಾಜ ಇದ್ದ. ರಾಜ ಒಳ್ಳೆಯವನೇ. ಏನು ಮಾಡೋದು, ಅವನಿಗೊಬ್ಬ ಬಾಮೈದ ಇದ್ದ. ಹೆಸರು ಮುದ್ದುವೀರಪ್ಪ. ಕೆಲಸ, ರಾಣಿಗೆ ತಮ್ಮನಾಗಿರೋದು. ಅಷ್ಟು ಕಷ್ಟದ ಕೆಲಸವನ್ನ ಪಾಪ ಒಂದು ದಿನವೂ ತಪ್ಪಿಸಿದವನಲ್ಲ.

ಅರಮನೆ ಹಿಂದೆ ಬೀಜದ ಉಗ್ರಾಣ. ಕಿಟಕಿ ಇಲ್ಲ. ಒಳಗೆಲ್ಲ ಒಣಹುಲ್ಲು, ಹಾಗಾಗಿ ದೀಪ ತರೋ ಹಾಗೂ ಇಲ್ಲ. ಆ ಕತ್ತಲಲ್ಲಿ ದೊಡ್ಡ ದೊಡ್ಡ ಮಣ್ಣಿನ ಗುಡಾಣಗಳ ಸಾಲು. ಒಂದೊಂದು ಮಳೆಗೆ ಒಂದೊಂದು ಗುಡಾಣ, ಅದರಲ್ಲಿ ಆ ಮಳೆಗೆ ಬಿತ್ತೋ ಬೀಜ. ಮಳೆಗಳು ಬರೋ ಕ್ರಮದಲ್ಲೇ ಗುಡಾಣಗಳೂ ನಿಂತಿದ್ದವು: ರೋಹಿಣಿ, ಮೃಗಶಿರಾ, ಆರಿದ್ರಾ, ಹೀಗೆ. ಮುಟ್ಟಿದರೆ ಗುರುತು ಸಿಗಲಿ ಅಂತ ಒಂದೊಂದು ಗುಡಾಣದ ಕತ್ತಿಗೂ ಅದೇ ಬೀಜದ ಪುಟ್ಟ ಗಂಟು. ಉಗ್ರಾಣದ ಕೆಂಚವ್ವ ಸಾಲಿನ ನಡುವೆ ನಿಂತು ಒಂದು ಗಂಟು ಮುಟ್ಟೋಳು. ಬೇಕಾದ ಮಳೆ ಅದಕ್ಕಿಂತ ಮೊದಲಿನದಾದರೆ ಎಡಕ್ಕೆ, ಆಮೇಲಿನದಾದರೆ ಬಲಕ್ಕೆ. ಉಳಿದರ್ಧ ಸಾಲಿನ ಗೋಜೇ ಇಲ್ಲ.

ಒಂದು ದಿನ ಮುದ್ದುವೀರಪ್ಪ ಚಿತ್ತೆ ಮಳೆಗೆ ಬಿತ್ತೋ ಕಡಲೆ ಹೊರಿಸಿಕೊಂಡು ಬಂದ. "ಇದನ್ನ ಎಲ್ಲಕ್ಕಿಂತ ಮುಂದಿಡು."

"ಹಸ್ತ ಮಳೆ ಗುಡಾಣದ ಪಕ್ಕ ಜಾಗ ಬಿಡಿಸ್ತೀನಿ ಬುದ್ಧಿ," ಅಂದಳು ಕೆಂಚವ್ವ.

"ನನ್ನ ಗುಡಾಣ ಹಿಂದುಗಡೆನಾ? ನಾನ್ಯಾರು ಗೊತ್ತಾ?"

"ನನಗೆ ಗೊತ್ತು. ಚಿತ್ತೆ ಮಳೆಗೆ ಗೊತ್ತಿಲ್ಲವಲ್ಲ."

ಇನ್ನೊಂದು ದಿನ ರೋಹಿಣಿಗೆ ಅಂತ ಎಳ್ಳು ತಂದ. ಅಲ್ಲಿ ಆಗಲೇ ಗುಡಾಣ ಇತ್ತು. "ಪಕ್ಕದಲ್ಲೇ ಇಡು," ಅಂದ.

"ಒಂದು ಮಳೆಗೆ ಒಂದೇ ಗುಡಾಣ ಬುದ್ಧಿ. ತಮ್ಮದು ಇಡಬೇಕಾದರೆ ಹಳೇದನ್ನ ತೆಗೀಬೇಕು. ಎರಡಿದ್ದರೆ ಕತ್ತಲಲ್ಲಿ ಯಾವುದನ್ನ ನಂಬೋದು?"

ಮೂರನೇ ಸಲ ಅವನು ಉಗ್ರಾಣಕ್ಕೆ ಬರಲಿಲ್ಲ, ಅಕ್ಕನ ಹತ್ತಿರ ಹೋದ. ರಾಣಿ ಊಟ ಬಿಟ್ಟಳು. ರಾಜ ಬಾಮೈದನನ್ನ ಉಗ್ರಾಣಕ್ಕೆ ಯಜಮಾನ ಮಾಡಿದ. ರಾಜ್ಯಭಾರ ಅಂದರೆ ಹೀಗಿರಬೇಕು.

ಇನ್ನು ಗುಡಾಣಗಳು ಘನತೆ ಪ್ರಕಾರ ನಿಂತವು. ಮೊದಲು ಮುದ್ದುವೀರಪ್ಪನದು, ಆಮೇಲೆ ಮಂತ್ರಿಯದು, ಆಮೇಲೆ ಸೇನಾಪತಿಯದು. ಆಸ್ಥಾನದವರೆಲ್ಲ ತಮ್ಮದೂ ಇರಲಿ ಅಂತ ತಂದು ತುಂಬಿದರು. ಬೀಜದ ಗಂಟು ಒರಟು ಅಂತ ಕಿತ್ತು ಎಲ್ಲಕ್ಕೂ ರೇಷ್ಮೆ ಕುಚ್ಚು ಕಟ್ಟಿಸಿದರು. ಕತ್ತಲಲ್ಲಿ ಎಷ್ಟು ಚೆಂದ ಕಾಣ್ತಿತ್ತು ಅಂತೀರಿ.

ಕೆಂಚವ್ವ ರಾಜನಿಗೆ ಕೈಮುಗಿದಳು. "ಒಂದೇ ಮಾತು ಮಾಸ್ವಾಮಿ. ಜೋಡಿಸಿದವರೇ ತೆಗೆದು ಕೊಡಲಿ. ಅವರು ತೆಗೆದ ಬೀಜ ಮೊದಲು ಅವರ ಹೊಲಕ್ಕೇ ಬೀಳಲಿ. ಅಷ್ಟು ಮರ್ಯಾದೆ ಅವರಿಗೆ ಸಲ್ಲಬೇಕಲ್ಲ."

ಮರ್ಯಾದೆ ಅನ್ನೋ ಮಾತು ಕಿವಿಗೆ ಬಿದ್ದಿದ್ದೇ ತಡ, ಮುದ್ದುವೀರಪ್ಪ ಹೂಂ ಅಂದ. ರಾಜನೂ ಹೂಂ ಅಂದ.

ಆರಿದ್ರಾ ಮಳೆ ಹಿಡಿಯಿತು. ರಾಗಿ ಬೇಕು. ಹದ ತಪ್ಪಿದರೆ ಇಡೀ ಸೀಮೆಯ ಮಕ್ಕಳಿಗೆ ವರ್ಷವೆಲ್ಲ ಮುದ್ದೆ ಇಲ್ಲ. ರೈತರು ಬಾಗಿಲಲ್ಲಿ ನೆನೆಯುತ್ತಾ ನಿಂತರು. ಮುದ್ದುವೀರಪ್ಪ ಒಳಗೆ ಹೋದ. ಒಂದು ಕತ್ತು ಮುಟ್ಟಿದ, ರೇಷ್ಮೆ. ಇನ್ನೊಂದು ಮುಟ್ಟಿದ, ರೇಷ್ಮೆ. ಮತ್ತೊಂದು ಮುಟ್ಟಿದ, ಅದೂ ರೇಷ್ಮೆ. ಬಾಯಿಗೆ ಕೈ ಹಾಕಿ ಕಾಳು ಗುರುತಿಸೋದು ಅವನಿಗೆಲ್ಲಿ ಬರಬೇಕು. ಹೊರಗೆ ತಂದು ನೋಡೋಣ ಅಂದರೆ ಬೀಜ ನೆನೆಯುತ್ತೆ.

"ಬುದ್ಧಿ, ಮಳೆ ಹೊಳವಾಗ್ತಿದೆ, ನಿಂತೇ ಹೋಗುತ್ತೆ," ಅಂತ ಹೊರಗಿನವರು ಕೂಗಿದರು.

ಕೊನೆಗೆ ಬೆವರು ಒರೆಸಿಕೊಂಡು ಎಲ್ಲಕ್ಕಿಂತ ಮುಂದಿದ್ದ ಗುಡಾಣವನ್ನೇ ಎಳೆಸಿಕೊಂಡು ಬಂದ. ಅವನದೇ ಕಡಲೆ. "ಮಾತು ಮಾತೇ," ಅಂದ ರಾಜ. ಕಡಲೆಯನ್ನ ಮುದ್ದುವೀರಪ್ಪನ ಹೊಲಕ್ಕೆ ಬಿತ್ತಿದರು. ಮಾರನೇ ದಿನ ಆರಿದ್ರಾ ಮತ್ತೆ ಸುರಿಯಿತು. ಹೊಲ ಕೆರೆಯಾಯಿತು, ಕಡಲೆ ಕೊಳೆತು ನಾರಿತು.

ರಾಜ ತಾನೇ ನಡೆದು ಕೆಂಚವ್ವನ ಮನೆಗೆ ಹೋದ. "ತಪ್ಪಾಯ್ತವ್ವ. ಮಕ್ಕಳು ಹಸಿದಾವು, ಬಾ."

ಕೆಂಚವ್ವ ಬಂದಳು. ಕುಚ್ಚು ಕಿತ್ತಳು. ಒಂದೊಂದು ಗುಡಾಣದ ಬಾಯಿಗೂ ಕೈ ಹಾಕಿ ಬೀಜ ನೋಡಿದಳು, ಗಂಟು ಕಟ್ಟಿದಳು, ಅದರ ಮಳೆಯ ಜಾಗಕ್ಕೆ ಸೇರಿಸಿದಳು. ಒಂದು ಮಳೆಗೆ ಒಂದು ಬಿಟ್ಟು ಹೆಚ್ಚಾದವನ್ನ ಹೊರಗೆ ಹಾಕಿಸಿದಳು. ಸೇನಾಪತಿಯದರಲ್ಲಿ ಬರೀ ಹೊಟ್ಟು ಇತ್ತು. ಪುನರ್ವಸು ಮಳೆಗೆ ರಾಗಿ ಹೊಲ ಸೇರಿತು, ಎಲ್ಲರ ಜೀವಕ್ಕೆ ಜೀವ ಬಂತು.

ಮುದ್ದುವೀರಪ್ಪ ತಲೆ ತಗ್ಗಿಸಿ ಬಂದ. "ನನ್ನ ಹೊಲಕ್ಕೂ ಒಂದಿಷ್ಟು ರಾಗಿ ಕೊಡವ್ವ."

"ಕೊಡ್ತೀನಿ ಬುದ್ಧಿ. ಅದಕ್ಕೆ ಮುಂಚೆ, ಈ ಗಲಾಟೆಯಲ್ಲಿ ಮೃಗಶಿರಾ ಮಳೆ ಗುಡಾಣ ಒಡೆದು ಹೋಗಿತ್ತು, ಈಗ ಹೊಸ ಗುಡಾಣ ಬಂದಿದೆ. ಅದಕ್ಕೆ ಜಾಗ ಆಗಬೇಕಾದರೆ ಆಮೇಲಿನವೆಲ್ಲ ಒಂದೊಂದು ಹೆಜ್ಜೆ ಸರೀಬೇಕು. ಸರಿಗೆ ಶಲ್ಯ ಬಿಚ್ಚಿಟ್ಟು ಬನ್ನಿ. ಕೊನೇ ಗುಡಾಣದಿಂದ ಶುರು ಮಾಡಿ."

ಕೇಳಿದಿರಲ್ಲ? ಇಡುವಾಗ ದೊಡ್ಡಸ್ತಿಕೆ ನೋಡಿದವನಿಗೆ ಬೇಕಾದಾಗ ಏನೂ ಕೈಗೆ ಸಿಗೋದಿಲ್ಲ. ಯಾವುದನ್ನೇ ಆಗಲಿ ಅದರ ಜಾಗದಲ್ಲಿಡಿ, ನಿಮ್ಮ ಬಾಮೈದ ಏನೇ ಅನ್ನಲಿ.