ಹಳ್ಳದ ಕಡೆ ತಿರುಗಿದ ಹಾರ್ನ್

ಕಾರಹುಣ್ಣಿಮೆಯ ದಿನ ಐದನೇ ಇಯತ್ತೆಗೇ ಶಾಲೆಗೆ ಕೈಮುಗಿದು ಮನೆ ಬಿಟ್ಟ ಮೈಕಿನವ, ತನ್ನ ಸೆಟ್ ಹೊತ್ತು ಊರೂರು ತಿರುಗುತ್ತಿದ್ದ. ಈ ಊರಿಗೆ ಅವನನ್ನು ಕರೆಸಿದ್ದ ನರ್ಸಮ್ಮ ಹೆಂಗಸರಿಗೆ ಮುಟ್ಟು, ಗರ್ಭಕೋಶ, ಬಸಿರಿನ ಬಗ್ಗೆ ಹೇಳುವವಳಿದ್ದಳು. ಸೋಮನಗೌಡ ಅಡ್ಡ ಬಂದ. ಬರೀ ಹೆಣ್ಣು ಹಡೆದಳೆಂದು ಹೆಂಡತಿ ಪಾರವ್ವನನ್ನು ಅದೇ ಊರಿನ ತವರಿಗೆ ಅಟ್ಟಿ, ಇನ್ನೊಂದು ಮದುವೆಗೆ ಹೊರಟಿದ್ದ ಆಸಾಮಿ.

"ಮೊದಲು ಗಂಡಸರು ಕೇಳ್ತೀವಿ. ಹೆಂಗಸರಿಗೆ ತಕ್ಕದ್ದೋ ಅಲ್ಲೋ ಆಮ್ಯಾಲೆ ನಾ ಹೇಳ್ತೀನಿ!"

"ಆಗಲಿ ಗೌಡ್ರ. ನಿಮ್ಮ ಸಭೆ ಅಂದ್ಮ್ಯಾಲೆ ಮೈಕ್ ಇರಬೇಕಲ್ರಿ?" ಅಂದ ಮೈಕಿನವ.

ಗೌಡ ಉಬ್ಬಿದ. ಗಂಡಸರು ಚಾವಡಿಯಲ್ಲಿ ಕೂತರು. ಮೈಕಿನವ ಮಾಳಿಗೆ ಹತ್ತಿ, ಹೆಂಗಸರು ಬಟ್ಟೆ ಒಗೆಯುವ ಹಳ್ಳದ ಕಡೆಗೆ ಹಾರ್ನ್ ತಿರುಗಿಸಿ ಕಟ್ಟಿದ.

ನರ್ಸಮ್ಮನ ಭಾಷಣ ಮುಗಿಯಿತು. ಗೌಡ ಮೀಸೆ ತಿರುವಿದ. "ಇಂಥಾದ್ದು ನಮ್ಮ ಹೆಣ್ಣುಮಕ್ಕಳ ಕಿವಿಗೆ ಬೀಳಬಾರದು!"

ಅಷ್ಟರಲ್ಲಿ ಒದ್ದೆ ಬಟ್ಟೆ ಹೆಗಲಿಗೇರಿಸಿ ಹೆಂಗಸರ ದಂಡೇ ಬಂತು. ಮುಂದಿದ್ದ ಪಾರವ್ವ ನರ್ಸಮ್ಮನ ಕಡೆ ತಿರುಗಿದಳು.

"ಅಕ್ಕಾರ, ಎಲ್ಲಾ ತಿಳೀತ್ರಿ. ಗಂಡೋ ಹೆಣ್ಣೋ ಅನ್ನೋದು ಗಂಡಸಿನ ಬೀಜದಿಂದ ಅಂದ್ರಲ್ಲ, ಅದೊಂದು ಮತ್ತೊಮ್ಮೆ ಹೇಳ್ರಿ. ನಮ್ಮ ಮನಿಯವ್ರಿಗೆ ಕೇಳಿಸಿಲ್ಲಂತ ಕಾಣ್ತದ!"

ಚಾವಡಿಗೆ ಚಾವಡಿಯೇ ಹೊಟ್ಟೆ ಹಿಡಿದು ನಕ್ಕಿತು. ಗೌಡನ ತಲೆಯ ರುಮಾಲು ಜಾರಿ ಮೂಗಿಗೆ ಬಂತು. "ಹಾರ್ನ್ ಅತ್ತಾಗ ತಿರುಗಿಸಿದವ ಯಾವನಲೇ?"

ಮೈಕಿನವ ಆಗಲೇ ವೈರು ಸುತ್ತಿ ಚೀಲಕ್ಕೆ ತುಂಬುತ್ತಿದ್ದ.

"ನಾನರೀ ಗೌಡ್ರ. ನಿಮ್ಮ ಎರಡನೇ ಮದುವಿಗೆ ಬ್ಯಾರೆ ಮೈಕಿನವನ್ನ ನೋಡ್ಕೋರಿ. ಅದೂ ಪಾರವ್ವಾರು ಆಗಾಕ ಬಿಟ್ರ!"