ಕರಿಕಾದ ಬೆಲ್ಲದ ಸಾಕ್ಷಿ

ವೈಶಾಖ ಶುದ್ಧ ಪಂಚಮಿ, ಹಗಲು ಹನ್ನೊಂದು ಗಂಟೆ. ಮಠದ ದಾಸೋಹದ ಹೊಣೆ ಹೊತ್ತ ಗಂಗಾಂಬಿಕೆ ಗುರುಮಾತೆಯನ್ನು ಕೇಳಿದಳು:

“ಅಮ್ಮನವರೇ, ಅಡುಗೆಯ ಪುಟ್ಟತಾಯಮ್ಮ ಒಲೆಯ ಝಳಕ್ಕೆ ತಲೆಸುತ್ತಿ ಬಿದ್ದು ಎಂಟು ದಿನವಾಯಿತು. ಈಗ ಪರಿಹಾರ ಕೇಳುತ್ತಿದ್ದಾಳೆ. ಕೊಟ್ಟರೆ ಸೇವೆಗೆ ಬೆಲೆ ಕಟ್ಟಿದಂತಾಗುವುದಿಲ್ಲವೇ?”

ಗುರುಮಾತೆ ಮುಗುಳ್ನಕ್ಕು ಹೇಳತೊಡಗಿದರು.

ಒಬ್ಬ ಯಜಮಾನನಿಗೆ ಆಲೆಮನೆಯಿತ್ತು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಮುಂದೆ ಪಾಕ ನೋಡುವವನೊಬ್ಬ ಬೆಳಗಿನಿಂದ ಬೈಗಿನವರೆಗೆ ನಿಲ್ಲುತ್ತಿದ್ದ. ಬೇಸಿಗೆಯ ಒಂದು ಮಧ್ಯಾಹ್ನ ಅವನು ಕುಸಿದುಬಿದ್ದ. ಇಳಿಸುವವರಿಲ್ಲದೆ ಪಾಕ ಕರಿಕಾಯಿತು. ಹಾಸಿಗೆ ಹಿಡಿದವನು ಪರಿಹಾರ ಕೇಳಿದ. ಕೆಟ್ಟ ಬೆಲ್ಲಕ್ಕೆ ಅವನೇ ದಂಡ ತೆರಬೇಕೆಂದು ಯಜಮಾನ ಹಟ ಹಿಡಿದ. ವ್ಯಾಜ್ಯ ಊರಿನ ಹಿರಿಯಳೊಬ್ಬಳ ಜಗಲಿಗೆ ಬಂದಿತು. ಯಜಮಾನ ಕರಿಕಾದ ಬೆಲ್ಲದ ಅಚ್ಚೊಂದನ್ನು ಸಾಕ್ಷಿಯೆಂದು ಅವಳ ಮುಂದಿಟ್ಟ.

“ಬೆಂಕಿಯ ಮುಂದೆ ಬಿಸಿಯೆಂಬುದು ನಿನಗೆ ತಿಳಿಯದೇನಯ್ಯ?” ಎಂದು ಪಾಕ ನೋಡುವವನನ್ನು ಕೆಣಕಿದ.

“ತಿಳಿದಿತ್ತು ಯಜಮಾನರೇ. ತಮಗೂ ತಿಳಿದಿತ್ತಲ್ಲ, ಅದಕ್ಕೇ ತಮ್ಮ ಕುರ್ಚಿ ಹೊಂಗೆಯ ನೆರಳಿನಲ್ಲಿತ್ತು.”

ಕೂಡಿದವರು ನಕ್ಕರು. ಹಿರಿಯಳು ಅಚ್ಚನ್ನು ಎತ್ತಿಕೊಂಡು, ಇದು ಹೀಗೇಕಾಯಿತೆಂದು ವಿಚಾರಿಸಿದಳು. ಹದ ಬಂದ ಮೇಲೆ ಒಂದು ಕ್ಷಣ ಹೆಚ್ಚು ಕಾದರೂ ಬೆಲ್ಲ ಕೆಡುತ್ತದೆಂದು ಯಜಮಾನ ಬಹಳ ಹೆಮ್ಮೆಯಿಂದ ವಿವರಿಸಿದ.

“ಬೆಲ್ಲಕ್ಕೆ ಹೆಚ್ಚಾದ ಕ್ಷಣ ನಿಮಗೆ ಗೊತ್ತು,” ಎಂದಳು ಹಿರಿಯಳು. “ಇವನಿಗೆ ಎಷ್ಟು ಹೊತ್ತು ಹೆಚ್ಚಾಯಿತು, ಹೇಳಿ.”

ಯಜಮಾನ ತಾನೇ ತಂದ ಸಾಕ್ಷಿಯನ್ನು ನೋಡಿದ. ಪಾಕ ನೋಡುವವನ ಮುಖವನ್ನೂ ನೋಡಿದ. ಆಮೇಲೆ ಎಲ್ಲರಿಗಿಂತ ಮೊದಲು ಅವನೇ ನಕ್ಕ. ಔಷಧಿಯ ಖರ್ಚನ್ನೂ ಮಲಗಿದ ದಿನಗಳ ಕೂಲಿಯನ್ನೂ ಅಲ್ಲಿಯೇ ಒಪ್ಪಿಕೊಂಡ. ಆಲೆಮನೆಯ ಮಾಡಿಗೆ ಗಾಳಿಕಂಡಿ ಬಿಡಿಸಿದ. ಸರದಿಗೆ ಇನ್ನೊಬ್ಬನನ್ನು ನೇಮಿಸಿ, ಮಜ್ಜಿಗೆಯ ಕೊಡ ಇರಿಸಿದ. ಮರುವರ್ಷದ ಮೊದಲ ಪಾಕ ಹೊನ್ನಿನ ಬಣ್ಣಕ್ಕೆ ಬಂದಿತು. ಅದನ್ನು ಇಳಿಸಿದ ಆ ಪಾಕ ನೋಡುವವನೇ ಬಿಸಿ ಬೆಲ್ಲದ ಮೊದಲ ತುತ್ತನ್ನು ಯಜಮಾನನ ಅಂಗೈಗೆ ಹಾಕಿದ. ಆ ದಿನ ಯಜಮಾನನ ಕುರ್ಚಿ ಕೊಪ್ಪರಿಗೆಯ ಹತ್ತಿರವೇ ಇತ್ತು.

ಕತೆ ಕೇಳಿ ಗಂಗಾಂಬಿಕೆಯೂ ನಕ್ಕಳು. ಅಷ್ಟರಲ್ಲಿ ಊಟದ ಗಂಟೆ ಮೊಳಗಿತು.

“ಇಂದು ನಮ್ಮ ಒಲೆಯ ಮುಂದೆ ನಿಂತವರು ಯಾರಮ್ಮ?” ಎಂದರು ಗುರುಮಾತೆ.

ಗಂಗಾಂಬಿಕೆಗೆ ಅದು ತಿಳಿದಿರಲಿಲ್ಲ. ಪುಟ್ಟತಾಯಮ್ಮನ ಪರಿಹಾರವನ್ನು ಆ ದಿನವೇ ಕೊಡುವುದೆಂದೂ, ನಾಳೆಯಿಂದ ಒಲೆಯ ಮೊದಲ ಸರದಿ ತನ್ನದೆಂದೂ ನಿರ್ಧರಿಸಿದಳು.